ಜಗಲಿ ಇಲ್ಲದ ಗ್ರಂಥಾಲಯ

“ಹೆಂಗಸರು ಬರುವುದಿಲ್ಲ ಅಮ್ಮ. ಬಂದರಲ್ಲವಾ ಕುರ್ಚಿ ಹಾಕುವುದು?”

ಮಂಗಳೂರಿನ ನಮ್ಮ ವಠಾರದ ಹತ್ತಿರದ ಸಾರ್ವಜನಿಕ ವಾಚನಾಲಯದಲ್ಲಿ ಕಳೆದ ಆಟಿ ತಿಂಗಳಲ್ಲಿ ನನಗೆ ಸಿಕ್ಕಿದ ಉತ್ತರ ಇದು. ಹೇಳಿದ ಹುಡುಗ ಕೆಟ್ಟವನಲ್ಲ. ನಾನು ಏದುಸಿರು ಬಿಡುತ್ತಾ ಒಳಗೆ ಬಂದದ್ದನ್ನು ಕಂಡು ತಾನು ಕುಳಿತಿದ್ದ ಸ್ಟೂಲನ್ನೇ ಬಿಟ್ಟುಕೊಟ್ಟಿದ್ದ. ಕುಡಿಯಲು ನೀರು ತಂದುಕೊಟ್ಟಿದ್ದ. ಒಂದು ಮೂಲೆಯಲ್ಲಿ ‘ಮಹಿಳೆಯರಿಗೆ’ ಎಂದು ಬರೆದ ಹಲಗೆ ತೂಗುತ್ತಿತ್ತು. ಅದರ ಕೆಳಗೆ ಸೊಂಟದೆತ್ತರಕ್ಕೆ ಹಳೆಯ ಪತ್ರಿಕೆಗಳ ಕಟ್ಟು. ಇಲ್ಲಿದ್ದ ಕುರ್ಚಿಗಳೆಲ್ಲಿ ಎಂದು ನಾನು ಕೇಳಿದ್ದಕ್ಕೆ ಅವನು ತಾನು ದಿನಾ ಕಾಣುವುದನ್ನು ಹೇಳಿದ, ಅಷ್ಟೆ.

ಆ ಮಾತು ನನ್ನನ್ನು ಕಾಡಿತು. ಹೆಂಗಸರು ಬರುವುದಿಲ್ಲ ಎಂಬುದು ಸುಳ್ಳಲ್ಲ. ಅಲ್ಲಿದ್ದ ಹದಿನೈದು ಹದಿನಾರು ಮಂದಿಯಲ್ಲಿ ನಾನೊಬ್ಬಳೇ ಹೆಂಗಸು. ಆದರೆ ಅವರು ಯಾಕೆ ಬರುವುದಿಲ್ಲ ಎಂದು ಯಾರಾದರೂ ಕೇಳಿದ್ದಾರೆಯೆ? ‘ಹೆಂಗಸರಿಗೆ ಓದಿನ ಆಸಕ್ತಿ ಇಲ್ಲ, ಅವರಿಗೆ ಟಿ.ವಿ. ಧಾರಾವಾಹಿ ಸಾಕು’ ಎಂದು ಸಭೆಗಳಲ್ಲಿ ಭಾಷಣ ಮಾಡುವ ಮಹನೀಯರು ಒಮ್ಮೆ ಆ ವಾಚನಾಲಯದ ಮೆಟ್ಟಿಲು ಹತ್ತಿ ನೋಡಬೇಕು. ಅದಿರುವುದು ಅಂಗಡಿ ಸಂಕೀರ್ಣವೊಂದರ ಮೂರನೆಯ ಮಾಳಿಗೆಯಲ್ಲಿ. ಕೆಳಗೆ ಮೊಬೈಲು ಅಂಗಡಿ, ಅದರ ಮೇಲೆ ಫೈನಾನ್ಸು, ಅದರ ಮೇಲೆ ಸದಾ ಬಾಗಿಲು ಮುಚ್ಚಿರುವ ಕೋಣೆಗಳು. ಲಿಫ್ಟ್ ಉಂಟು, ಅದು ಕೆಟ್ಟು ವರ್ಷಗಳಾದವು. ಮೆಟ್ಟಿಲ ತಿರುವುಗಳಲ್ಲಿ ಬೆಳಕಿಲ್ಲ, ಬೀಡಿಯ ತುಂಡು, ಎಲೆಯಡಿಕೆಯ ಉಗುಳು. ಹೆಂಗಸರ ಪಾಯಿಖಾನೆಗೆ ಬೀಗ, ಬೀಗದ ಕೈ ಕೆಳಗಿನ ಅಂಗಡಿಯವರ ಬಳಿ. ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರು ಕೈಚಾಚಿ ಆ ಬೀಗದ ಕೈ ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗೆ ಉಂಟು?

ಹೆಂಗಸರು ಬಾರದಂತೆ ಕಟ್ಟಿದ ಕಟ್ಟಡದಲ್ಲಿ ಕೂತು ಹೆಂಗಸರು ಬರುವುದಿಲ್ಲ ಎನ್ನುವುದು ಎಂಥ ನ್ಯಾಯ? ಈ ಒಂದು ಮಾತನ್ನು ಹೇಳಲಿಕ್ಕಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ಆ ವಾಚನಾಲಯದ ಹೆಸರು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ನಿಮ್ಮ ಪೇಟೆಯದ್ದನ್ನು ನೀವೇ ನೆನಪಿಸಿಕೊಳ್ಳಿ.

ಇದೇ ವಾಚನಾಲಯಕ್ಕೆ ಹಿಂದೆ ಸ್ವಂತದ್ದೊಂದು ಕಟ್ಟಡವಿತ್ತು. 1970ರ ದಶಕದಲ್ಲಿ ಶಾಲೆ ಬಿಟ್ಟ ಮೇಲೆ ನಾವು ಮೂವರು ಗೆಳತಿಯರು ಅಲ್ಲಿಗೆ ಹೋಗುತ್ತಿದ್ದೆವು. ಕೆಂಪು ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚಿನ ಮಾಡು. ಎದುರಿಗೆ ಉದ್ದಕ್ಕೆ ಜಗಲಿ, ಜಗಲಿಗೆ ಮರದ ದಳಿ. ಒಳಗೆ ಒಂದೇ ಒಂದು ದೊಡ್ಡ ಕೋಣೆ. ಕಾವಿ ನೆಲ, ಕಾಲಿಟ್ಟರೆ ತಣ್ಣಗೆ. ನಡುವಿನ ಮಾಡಿನಲ್ಲಿ ನಾಲ್ಕು ಗಾಜಿನ ಹಂಚು. ಅವುಗಳಿಂದ ಇಳಿದ ಬಿಸಿಲಿನ ಚೌಕ ಸಂಜೆಯಾಗುತ್ತಿದ್ದಂತೆ ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಗೋಡೆಗೆ ಸರಿಯುತ್ತಿತ್ತು. ಅದು ಗೋಡೆ ಹತ್ತಿತೆಂದರೆ ನಾವು ಮನೆಗೆ ಹೊರಡುವ ಹೊತ್ತು. ಗಡಿಯಾರ ನೋಡುವ ಅಗತ್ಯ ನಮಗೆ ಬೀಳುತ್ತಿರಲಿಲ್ಲ.

ಆ ಕಟ್ಟಡದ ಜೀವ ಇದ್ದದ್ದು ಜಗಲಿಯಲ್ಲಿ. ನನ್ನ ಅಮ್ಮ ಒಂದು ದಿನವೂ ಅದರ ಹೊಸ್ತಿಲು ದಾಟಿ ಒಳಗೆ ಹೋದವಳಲ್ಲ. ಒಳಗೆ ಗಂಡಸರು ಪತ್ರಿಕೆ ಓದುತ್ತಿದ್ದರು, ಅಲ್ಲಿ ಹೋಗಿ ಕೂರುವುದು ಅವಳಿಗೆ ಸಂಕೋಚ. ಆದರೆ ಮೀನು, ತರಕಾರಿ ಕೊಂಡು ಬರುವಾಗ ಚೀಲ ಕೆಳಗಿಟ್ಟು ಜಗಲಿಯಲ್ಲಿ ಕೂರಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ಅದು ಅರ್ಧ ಬೀದಿ, ಅರ್ಧ ಮನೆ. ನಾನು ಒಳಗಿನಿಂದ ವಾರಪತ್ರಿಕೆ ತಂದು ಕೊಡುತ್ತಿದ್ದೆ. ಹತ್ತು ನಿಮಿಷ, ಕಾಲು ಗಂಟೆ ಅವಳು ಓದುತ್ತಿದ್ದಳು. ದಾರಿಯಲ್ಲಿ ಹೋಗುವ ಪರಿಚಯದ ಹೆಂಗಸರು ಹತ್ತಿ ಬರುತ್ತಿದ್ದರು. ಒಬ್ಬರು ಓದಿದ ಕತೆಯನ್ನು ಇನ್ನೊಬ್ಬರಿಗೆ ಹೇಳುತ್ತಿದ್ದರು. ಮಳೆ ಹಿಡಿದರೆ ಕಾಲು ಗಂಟೆ ಒಂದು ಗಂಟೆಯಾಗುತ್ತಿತ್ತು. ‘ಮಳೆ ಬಿಡಲಿಲ್ಲ’ ಎಂಬುದು ಮನೆಯಲ್ಲಿ ಯಾರೂ ಪ್ರಶ್ನಿಸಲಾಗದ ಕಾರಣ. ನನ್ನ ಅಮ್ಮ ಜೀವಮಾನದಲ್ಲಿ ಓದಿದ್ದರಲ್ಲಿ ಅರ್ಧ ಪಾಲನ್ನು ಆ ಜಗಲಿಯಲ್ಲಿ ಮಳೆಯ ನೆಪದಲ್ಲಿ ಓದಿದ್ದಾಳೆ.

ಈಗ ಆ ಜಾಗದಲ್ಲಿಯೇ ಅಂಗಡಿ ಸಂಕೀರ್ಣ ನಿಂತಿದೆ. ವಾಚನಾಲಯ ಮೂರನೆಯ ಮಾಳಿಗೆಗೆ ಏರಿದೆ. ಏರಿತು ಎಂದರೆ ಮರ್ಯಾದೆ ಹೆಚ್ಚಾಯಿತು ಎಂದಲ್ಲ. ಅಂಗಡಿಯವರು ಬೇಡವೆಂದ ಜಾಗ ಅದಕ್ಕೆ ಸಿಕ್ಕಿತು.

ಮಂಗಳೂರಿನಲ್ಲಿ ಹೀಗಾಯಿತಲ್ಲ ಎಂಬುದು ನನಗೆ ಹೆಚ್ಚಿನ ನೋವು. ಈ ಊರು ಕನ್ನಡಕ್ಕೆ ಎರಡು ಮುಖ್ಯ ವಸ್ತುಗಳನ್ನು ಕೊಟ್ಟಿದೆ, ಅಚ್ಚು ಮತ್ತು ಹಂಚು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಇಲ್ಲಿಂದಲೇ ಹೊರಟಿತು. 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಸುಮಾರು 70,000 ಶಬ್ದಗಳ ಕಿಟೆಲ್ ನಿಘಂಟು ಇದೇ ಊರಿನ ಅಚ್ಚುಕೂಟದಲ್ಲಿ ಅಚ್ಚಾದವು. ಅದೇ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನ ಬಳಿ, ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆಬದಿಯ ಜೇಡಿಮಣ್ಣು ಹಂಚಾಗಿ ದೇಶದ ಉದ್ದಗಲಕ್ಕೂ ಹೋಯಿತು. ಇಂದಿಗೂ ಎಲ್ಲಿ ಹೋದರೂ ಆ ಹಂಚಿಗೆ ಮಂಗಳೂರು ಹಂಚು ಎಂದೇ ಹೆಸರು.

ಪುಸ್ತಕ ಅಚ್ಚು ಹಾಕುವುದನ್ನು ಕಲಿತ ಊರು, ಆ ಪುಸ್ತಕದ ಮೇಲೆ ಮಳೆ ಬೀಳದಂತೆ ಮಾಡು ಹೊದಿಸುವುದನ್ನೂ ಕಲಿತಿತ್ತು. ಎರಡನ್ನೂ ಒಟ್ಟುಸೇರಿಸಿ ಒಂದು ಒಳ್ಳೆಯ ಗ್ರಂಥಾಲಯವನ್ನು ಓಣಿಗೊಂದರಂತೆ ಕಟ್ಟುವ ಮನಸ್ಸು ಮಾತ್ರ ಬರಲಿಲ್ಲ.

ಇದಕ್ಕೆ ಇತಿಹಾಸದ ಕಾರಣವೂ ಒಂದುಂಟು. ಮೈಸೂರಿನಲ್ಲಿ ವಿಕ್ಟೋರಿಯಾ ರಾಣಿಯ 1887ರ ಸುವರ್ಣೋತ್ಸವದ ನೆನಪಿಗೆಂದು ಅರಸರು ಕಟ್ಟಿಸಿದ ಭವ್ಯ ಕಟ್ಟಡದಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ತೆರೆಯಿತು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿಯೇ. ಬೆಂಗಳೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿನ ಕೆಂಪು ಕಟ್ಟಡವನ್ನು ಕಬ್ಬನ್ ಪಾರ್ಕಿನ ಮರಗಳ ನಡುವೆ ಕಟ್ಟಿ ಪುಸ್ತಕಗಳಿಗೆ ಬಿಟ್ಟುಕೊಟ್ಟರು. ಊರಿನ ಅತ್ಯುತ್ತಮ ಜಾಗ ಪುಸ್ತಕಕ್ಕೆ ಎಂಬ ಭಾವನೆ ಅಲ್ಲಿನ ಆಳುವವರಲ್ಲಿತ್ತು. ನಮ್ಮ ಜಿಲ್ಲೆಗೆ ಅರಸರಿರಲಿಲ್ಲ. ನಾವು ಮದರಾಸು ಪ್ರಾಂತದ ಒಂದು ದೂರದ ಮೂಲೆ. ಇಲ್ಲಿ ವಾಚನಾಲಯಗಳು ಹುಟ್ಟಿದ್ದು ಸಮಾಜಗಳ ಕೋಣೆಗಳಲ್ಲಿ, ಶಾಲೆಗಳ ಮೂಲೆಗಳಲ್ಲಿ, ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಮನೆಗಳಲ್ಲಿ. ಹಾಗಾಗಿಯೇ ನಮ್ಮ ಹಳೆಯ ವಾಚನಾಲಯಗಳು ಮನೆಯ ಹಾಗೆಯೇ ಇದ್ದವು. ಆ ಬಡತನ ಒಂದು ಭಾಗ್ಯವಾಗಿತ್ತು ಎಂದು ಈಗ ತಿಳಿಯುತ್ತದೆ. ಅರಮನೆಯಂಥ ಕಟ್ಟಡದೊಳಗೆ ಹೋಗಲು ಅಳುಕುವ ಹೆಂಗಸು ಮನೆಯಂಥ ಕಟ್ಟಡದ ಜಗಲಿ ಹತ್ತುತ್ತಾಳೆ.

ಇನ್ನೊಂದು ಸಂಗತಿ ನಮ್ಮವರಿಗೇ ಮರೆತುಹೋಗಿದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್.ಆರ್. ರಂಗನಾಥನ್ ಉದ್ಯೋಗ ಆರಂಭಿಸಿದ್ದು ಮಂಗಳೂರಿನಲ್ಲಿ. 1917ರಲ್ಲಿ ಅವರು ಇಲ್ಲಿನ ಸರಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಹಂಪನಕಟ್ಟೆಯ ಈಗಿನ ವಿಶ್ವವಿದ್ಯಾನಿಲಯ ಕಾಲೇಜೇ ಆಗಿನ ಆ ಸರಕಾರಿ ಕಾಲೇಜು. 1924ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು, 1931ರಲ್ಲಿ ಗ್ರಂಥಾಲಯದ ಐದು ನಿಯಮಗಳನ್ನು ಕುರಿತ ತಮ್ಮ ಪುಸ್ತಕ ಪ್ರಕಟಿಸಿದರು. ಪುಸ್ತಕವಿರುವುದು ಬಳಸುವುದಕ್ಕೆ ಎಂಬುದು ಅವರ ಮೊದಲ ನಿಯಮದ ತಿರುಳು. ಕೇಳಲು ಇದು ಸರಳವೇ. ಆದರೆ ಈ ನಿಯಮವನ್ನು ವಿವರಿಸುವಾಗ ಅವರು ಮಾತಾಡುವುದು ಗ್ರಂಥಾಲಯ ಊರಿನ ಯಾವ ಜಾಗದಲ್ಲಿರಬೇಕು, ಯಾವ ಹೊತ್ತಿಗೆ ತೆರೆದಿರಬೇಕು, ಮೇಜು ಕುರ್ಚಿ ಕಪಾಟು ಹೇಗಿರಬೇಕು ಎಂಬ ವಿಷಯಗಳನ್ನು. ಎರಡನೆಯ ನಿಯಮದಲ್ಲಿ ಎಲ್ಲರಿಗೂ ಅವರವರ ಪುಸ್ತಕ ಸಿಗಬೇಕೆನ್ನುವಾಗ ಗಂಡಸರಿಗೂ ಹೆಂಗಸರಿಗೂ ಎಂದು ಬೇರೆಯಾಗಿಯೇ ಎತ್ತಿ ವಾದಿಸುತ್ತಾರೆ. ಅಂದರೆ ಎಲ್ಲಿ ಕಟ್ಟಬೇಕು, ಯಾರಿಗಾಗಿ ಕಟ್ಟಬೇಕು ಎಂಬೆರಡೂ ಪ್ರಶ್ನೆಗಳನ್ನು ನಮ್ಮ ಊರಿನಲ್ಲಿ ಪಾಠ ಹೇಳಿದ ಮೇಷ್ಟ್ರೊಬ್ಬರು ಹೆಚ್ಚು ಕಡಿಮೆ ನೂರು ವರ್ಷಗಳ ಹಿಂದೆಯೇ ಎತ್ತಿದ್ದರು. ನಾವು ಅವರ ಭಾವಚಿತ್ರಕ್ಕೆ ಆಗಸ್ಟ್ 12ರಂದು ಹಾರ ಹಾಕಿ, ಆ ಚಿತ್ರವನ್ನು ಮೂರನೆಯ ಮಾಳಿಗೆಯ ಗೋಡೆಗೆ ತೂಗುಹಾಕಿದ್ದೇವೆ.

ಇನ್ನು ‘ಹೆಂಗಸರು ಓದುವುದಿಲ್ಲ’ ಎಂಬ ಮಾತಿಗೆ ಬರೋಣ. 1894ರಲ್ಲಿಯೇ ಅಮ್ಮೆಂಬಳ ಸುಬ್ಬರಾವ್ ಪೈಗಳು ಹುಡುಗಿಯರಿಗೆಂದು ಕೆನರಾ ಶಾಲೆ ತೆರೆದ ಊರಿದು. 1911ರಲ್ಲಿ ಕಾರ್ನಾಡ್ ಸದಾಶಿವರಾಯರು ಮಹಿಳಾ ಸಭೆ ಸ್ಥಾಪಿಸಿದ ಊರು. 1921ರಲ್ಲಿ ಹೆಣ್ಣುಮಕ್ಕಳಿಗೆಂದೇ ಸಂತ ಆಗ್ನೆಸ್ ಕಾಲೇಜು ಆರಂಭವಾದ ಊರು. ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ಹುಟ್ಟಿದ್ದು ಇಲ್ಲಿಯೇ. ಬರೆಯುವ ಹೆಂಗಸರಿಗೆ ಮಾತ್ರವಲ್ಲ, ಓದುವ ಹೆಂಗಸರಿಗೂ ಸೇರಿ ಸಂಘ ಕಟ್ಟಿಕೊಂಡ ಊರು ಇದು. ಕರಾವಳಿ ಲೇಖಕಿಯರ ವಾಚಕಿಯರ ಸಂಘ ಎಂಬ ಆ ಹೆಸರೇ ಒಂದು ಸಾಕ್ಷಿ. ಓದುಗಿತ್ತಿ ಎಂಬವಳು ಇದ್ದಾಳೆ, ಅವಳಿಗೂ ಒಂದು ಸಂಘ ಬೇಕು ಎಂದು ಹೆಂಗಸರಿಗೆ ತಿಳಿದದ್ದು ನಗರ ಕಟ್ಟುವವರಿಗೆ ತಿಳಿಯಲಿಲ್ಲ.

ಅದಲ್ಲದೆ, ಒಂದು ಕಾಲಕ್ಕೆ ನಮ್ಮ ಪೇಟೆಗಳಲ್ಲಿ ಓಣಿಗೊಂದು ಖಾಸಗಿ ಲೈಬ್ರರಿ ಇತ್ತಲ್ಲ, ದಿನಕ್ಕಿಷ್ಟು ಎಂದು ಬಾಡಿಗೆ ಕೊಟ್ಟು ಕಾದಂಬರಿ ತರುತ್ತಿದ್ದ ಅಂಗಡಿ? ಅದನ್ನು ಸಾಕಿದವರು ಯಾರು? ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಸಾಯಿಸುತೆ ಇವರ ಪುಸ್ತಕಗಳ ಮೂಲೆ ಮಡಚಿ, ರಟ್ಟು ಕಿತ್ತುಹೋಗಿ, ಮತ್ತೆ ಮತ್ತೆ ಹೊಲಿಸಿಕೊಂಡು ಓಡಾಡಿದ್ದು ಯಾರ ಕೈಯಲ್ಲಿ? ಅಡಿಗೆಮನೆಯ ಖರ್ಚಿನಲ್ಲಿ ಉಳಿಸಿದ ಚಿಲ್ಲರೆ ಕೊಟ್ಟು ಓದಿದವರು ಹೆಂಗಸರು. ಸರಕಾರಿ ವಾಚನಾಲಯದಲ್ಲಿ ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ಯಾಕೆ ಓದಿದರು? ಆ ಲೈಬ್ರರಿ ಬೀದಿಬದಿಯಲ್ಲಿತ್ತು, ನೆಲಮಟ್ಟದಲ್ಲಿತ್ತು, ಕೊಡೆ ಮಡಚದೆಯೇ ಪುಸ್ತಕ ಬದಲಿಸಬಹುದಿತ್ತು. ಅಲ್ಲಿ ನಿಂತರೆ ಯಾರೂ ಎವೆಯಿಕ್ಕದೆ ನೋಡುತ್ತಿರಲಿಲ್ಲ. ಹೆಂಗಸರು ಪುಸ್ತಕದಿಂದ ದೂರ ನಿಲ್ಲಲಿಲ್ಲ, ಸರಕಾರದ ಕಟ್ಟಡದಿಂದ ದೂರ ನಿಂತರು. ಎರಡಕ್ಕೂ ವ್ಯತ್ಯಾಸವಿದೆ.

ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮುಂದೆ ಓದುವ ಆಸೆಯಿದ್ದರೂ ಶಾಲೆ ಮುಗಿದದ್ದೇ ಮದುವೆ. ತಮಗೆ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ ಮಾತ್ರ ಎಂದು ಅವರೇ ಹೇಳಿಕೊಂಡಿದ್ದಾರೆ. ಆಗ ಅವರಿಗೆ ಇಪ್ಪತ್ತೇಳು ವರ್ಷ. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದಾಗ ಕನ್ನಡ ನಾಡೇ ತಿರುಗಿ ನೋಡಿತು. ಮಂಗಳೂರಿನಲ್ಲಿ ಬದುಕಿ, ಬರೆದು, ತಮ್ಮದೇ ಪ್ರಕಾಶನ ನಡೆಸಿ, 2023ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಬರವಣಿಗೆ ಗ್ರಂಥಾಲಯ ಒಂದರಿಂದಲೇ ಬಂತು ಎಂದು ನಾನು ಹೇಳುವುದಿಲ್ಲ. ಆದರೆ ಒಬ್ಬ ಹೆಣ್ಣುಮಗಳು ತನ್ನ ಬದುಕಿನ ಲೆಕ್ಕ ಹೇಳುವಾಗ ಗ್ರಂಥಾಲಯದ ಚೀಟಿ ಸಿಕ್ಕಿದ ಇಸವಿಯನ್ನು ನೆನಪಿಟ್ಟು ಹೇಳುತ್ತಾಳೆ ಎಂದರೆ ಆ ಚೀಟಿಗೆ ಎಷ್ಟು ಬೆಲೆ ಎಂದು ಯೋಚಿಸಿ. ಬೇರೆಯವರು ಮದುವೆಯ, ಹೆರಿಗೆಯ ಇಸವಿಯನ್ನು ನೆನಪಿಟ್ಟ ಹಾಗೆ ಅವರು ಅದನ್ನು ನೆನಪಿಟ್ಟಿದ್ದರು. ಇವತ್ತು ಯಾವ ಓಣಿಯಲ್ಲಿ ಇನ್ನೊಬ್ಬ ಸಾರಾ ಮೆಟ್ಟಿಲ ಬುಡದಿಂದಲೇ ತಿರುಗಿ ಹೋಗುತ್ತಿದ್ದಾಳೋ ಯಾರು ಬಲ್ಲರು?

ಕಟ್ಟಡದ ಮಾತನ್ನು ಇಷ್ಟು ಯಾಕೆ ಹಿಡಿದಿದ್ದೇನೆ ಎಂದು ನಿಮಗೆ ಅನಿಸಬಹುದು. ನಮ್ಮ ಮಳೆ ಕಂಡವರಿಗೆ ಹಾಗನಿಸಲಾರದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು, ಅದೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ನಾಲ್ಕು ತಿಂಗಳಲ್ಲಿ. ಮಳೆ ನೇರವಾಗಿ ಬೀಳುವುದಿಲ್ಲ, ಸಮುದ್ರದ ಗಾಳಿಗೆ ಓರೆಯಾಗಿ ಹೊಡೆಯುತ್ತದೆ. ಹಳಬರಿಗೆ ಇದು ಗೊತ್ತಿತ್ತು. ಅದಕ್ಕೇ ಗೋಡೆಗಿಂತ ಎಷ್ಟೋ ಮುಂದಕ್ಕೆ ಮಾಡನ್ನು ಇಳಿಸುತ್ತಿದ್ದರು. ಇರಚಲು ಜಗಲಿಯಲ್ಲೇ ನಿಲ್ಲುತ್ತಿತ್ತು, ಗೋಡೆಯನ್ನು ಮುಟ್ಟುತ್ತಿರಲಿಲ್ಲ. ಹಂಚಿನ ಸಂದಿಗಳಲ್ಲಿ ಗಾಳಿ ಆಡಿ ಒಳಗಿನ ಶೆಕೆ ಮೇಲಕ್ಕೆ ಹೋಗುತ್ತಿತ್ತು. ನಮ್ಮ ಅಜ್ಜಂದಿರು ತಾಳೆಗರಿಯ ಕಟ್ಟುಗಳನ್ನು ಅಡಿಗೆಮನೆಯ ಮೇಲಿನ ಅಟ್ಟದಲ್ಲಿ, ಹೊಗೆಯಾಡುವಲ್ಲಿ ಇಡುತ್ತಿದ್ದದ್ದೂ ಇದೇ ತಿಳಿವಳಿಕೆಯಿಂದ. ಪುಸ್ತಕಕ್ಕೆ ನೀರಿಗಿಂತ ದೊಡ್ಡ ಶತ್ರು ಅಲುಗಾಡದ ಒದ್ದೆಗಾಳಿ.

ಈಗಿನ ಕಟ್ಟಡದಲ್ಲಿ ಪಶ್ಚಿಮದ ಗೋಡೆಗೆ ನೆರಳೂ ಇಲ್ಲ, ಇಳಿಮಾಡೂ ಇಲ್ಲ. ಮಳೆ ಸೀದಾ ಗೋಡೆಗೆ. ಗೋಡೆಯ ಒಳಮೈಗೆ ಒತ್ತಿ ಕಬ್ಬಿಣದ ಕಪಾಟುಗಳು. ಗಾಜಿನ ಕಿಟಕಿ ತೆರೆದರೆ ನೀರು, ಮುಚ್ಚಿದರೆ ಉಸಿರುಕಟ್ಟು. ಮೇಲಿನ ಟಾರಸಿ ಒಸರಿ ಒಸರಿ ಅದರ ಮೇಲೆ ತಗಡಿನ ಮಾಡು ಹಾಕಿದ್ದಾರೆ. ಹಂಚಿನ ಮಾಡು ಬೇಡ ಎಂದು ಕೆಡವಿದವರು ಕೊನೆಗೆ ಮಾಡಿನ ಹಂಗಿಗೇ ಬಿದ್ದರು. ನಾನು ಒಂದು ಕಪಾಟಿನಿಂದ ತೆಗೆದ ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಬೆಳೆದಿತ್ತು, ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಕೊನೆಯ ಪುಟದ ಚೀಟಿಯಲ್ಲಿ ತಾರೀಕುಗಳು. ಹಳೆಯ ಕಟ್ಟಡದಲ್ಲಿದ್ದಾಗ ತಿಂಗಳಿಗೆ ಎರಡು ಮೂರು ಸಲ ಮನೆಮನೆಗೆ ಹೋಗಿ ಬಂದಿದ್ದ ಪುಸ್ತಕ ಮಾಳಿಗೆ ಹತ್ತಿದ ಮೇಲೆ ಅಲ್ಲಾಡಿರಲಿಲ್ಲ.

ನನ್ನ ಮಾತಿಗೆ ಎದುರುವಾದಗಳು ಉಂಟೆಂದು ನನಗೆ ಗೊತ್ತಿದೆ. ಹಂಚಿನ ಮಾಡನ್ನು ವರ್ಷವರ್ಷ ಮಳೆಗಾಲಕ್ಕೆ ಮೊದಲು ಕೈಯಾಡಿಸಬೇಕು. ಆ ಕೆಲಸ ಬಲ್ಲವರು ಈಗ ಸಿಗುವುದಿಲ್ಲ. ಪಕ್ಕಾಸು ರೀಪುಗಳಿಗೆ ಗೆದ್ದಲು ಹಿಡಿಯುತ್ತದೆ, ಒಳ್ಳೆಯ ಮರಕ್ಕೆ ಬಂಗಾರದ ಬೆಲೆ. ಇದೆಲ್ಲ ನಿಜ. ಹಳೆಯ ಕಟ್ಟಡವನ್ನೇ ಇದ್ದ ಹಾಗೆ ಉಳಿಸಿ ಎಂದು ನಾನು ಹಟ ಹಿಡಿಯುವುದಿಲ್ಲ. ಕಾಂಕ್ರೀಟಿನಲ್ಲೇ ಕಟ್ಟಿ, ಆದರೆ ನೆಲಮಟ್ಟದಲ್ಲಿ ಕಟ್ಟಿ, ಮಾಡು ಇಳಿಸಿ ಕಟ್ಟಿ, ಎದುರಿಗೊಂದು ಜಗಲಿ ಬಿಡಿ.

ಪೇಟೆಯ ನಡುವಿನ ನೆಲಕ್ಕೆ ಸೆಂಟ್ಸಿಗೆ ಲಕ್ಷಗಟ್ಟಲೆ ಬೆಲೆ, ಅದನ್ನು ವಾಚನಾಲಯಕ್ಕೆ ಬಿಟ್ಟರೆ ನಷ್ಟ ಎನ್ನುವವರಿದ್ದಾರೆ. ಅವರಿಗೆ ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಮನೆಯ ಆಸ್ತಿ ತೆರಿಗೆಯ ರಶೀದಿ ತೆಗೆದು ನೋಡಿ. ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿಯಂತೆ ಗ್ರಂಥಾಲಯ ಕರ ಎಂದು ವಸೂಲು ಮಾಡುತ್ತಾರೆ. 1956ರ ವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದಾಗ, ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯಿದೆಯಾದ 1948ರ ಮದರಾಸು ಕಾಯಿದೆ ನಮಗೂ ಅನ್ವಯವಾಗುತ್ತಿತ್ತು. ರಂಗನಾಥನ್ ಅವರ ಪ್ರಯತ್ನದ ಫಲ ಅದು. ಆಮೇಲೆ ನಮ್ಮ ರಾಜ್ಯದ 1965ರ ಕಾಯಿದೆ ಬಂತು. ಎರಡರಲ್ಲೂ ಜನರೇ ಕರ ಕೊಟ್ಟು ಗ್ರಂಥಾಲಯ ನಡೆಸುವ ವ್ಯವಸ್ಥೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಕರವನ್ನು ಗ್ರಂಥಾಲಯಕ್ಕೆ ಸಕಾಲಕ್ಕೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲೆಲ್ಲ ಕೇಳಿಬರುವ ಹಳೆಯ ದೂರು. ಅದೇ ರಶೀದಿಯಲ್ಲಿ ಭಿಕ್ಷುಕರ ಕರ ಎಂದು ನೂರಕ್ಕೆ 3 ರೂಪಾಯಿಯೂ ಇರುತ್ತದೆ. ಗ್ರಂಥಾಲಯಕ್ಕೆ ಅದರ ಎರಡರಷ್ಟು ಕೊಡುತ್ತಿದ್ದೇವೆ, ಆದರೂ ಭಿಕ್ಷೆ ಬೇಡುವವರ ಹಾಗೆ ಒಂದು ಕುರ್ಚಿ ಕೇಳಬೇಕಾಗಿದೆ.

ಮೊಬೈಲಿನಲ್ಲೇ ಪುಸ್ತಕ ಸಿಗುವಾಗ ಕಟ್ಟಡ ಯಾಕೆ ಎಂಬುದು ಈಚಿನ ವಾದ. 2020ರಲ್ಲಿ ಸರಕಾರ ಡಿಜಿಟಲ್ ಗ್ರಂಥಾಲಯವನ್ನೂ ತೆರೆದಿದೆ, ಒಳ್ಳೆಯದೇ. ನಾನೂ ಬಳಸಿದ್ದೇನೆ. ಆದರೆ ಮನೆಯಲ್ಲಿ ಮೊಬೈಲು ಹಿಡಿದು ಕೂತ ಹೆಂಗಸಿಗೆ ಎಷ್ಟು ಹೊತ್ತು ಓದಲು ಬಿಡುತ್ತಾರೆ? ಕುಕ್ಕರು ಕೂಗುತ್ತದೆ, ಗ್ಯಾಸಿನವನು ಬರುತ್ತಾನೆ, ಅತ್ತೆಗೆ ಮಾತ್ರೆಯ ಹೊತ್ತಾಗುತ್ತದೆ, ‘ಅಮ್ಮಾ ನನ್ನ ಸಾಕ್ಸ್ ಎಲ್ಲಿ’ ಎಂಬ ಕೂಗು ಬರುತ್ತದೆ. ಮೊಬೈಲು ಪುಸ್ತಕ ಕೊಡಬಹುದು, ಕೂರುವ ಜಾಗ ಕೊಡಲಾರದು. ಈ ಪೇಟೆಯಲ್ಲಿ ಹೆಂಗಸು ದುಡ್ಡು ಖರ್ಚು ಮಾಡದೆ, ಯಾರಿಗೂ ಕಾರಣ ಹೇಳದೆ, ಒಂದು ಗಂಟೆ ಕೂರಬಹುದಾದ ಜಾಗಗಳನ್ನು ಬೆರಳು ಮಡಚಿ ಎಣಿಸಿ. ದೇವಸ್ಥಾನ, ಇಗರ್ಜಿ, ಆಸ್ಪತ್ರೆಯ ಬೆಂಚು, ಬಸ್‌ಸ್ಟ್ಯಾಂಡು. ಒಂದು ಕಡೆ ಭಕ್ತಿ ಬೇಕು, ಇನ್ನೊಂದು ಕಡೆ ಕಾಯಿಲೆ ಬೇಕು, ಮತ್ತೊಂದು ಕಡೆ ಬಸ್ಸು ಬರಬೇಕು. ಗಂಡಸರಿಗಾದರೆ ಹೋಟೆಲಿನ ಮೇಜುಂಟು, ಕ್ಲಬ್ಬುಂಟು, ಗೂಡಂಗಡಿಯ ಕಟ್ಟೆಯುಂಟು.

ನಮ್ಮ ನೆರೆಮನೆಯಲ್ಲಿ ಏನಾಗುತ್ತಿದೆ ಎಂಬುದನ್ನೂ ನೋಡಬೇಕು. ಮಂಗಳೂರಿನಿಂದ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಮಂಜೇಶ್ವರ. ಅದು ಕೇರಳ. 1945ರಲ್ಲಿ ಪಿ.ಎನ್. ಪಣಿಕ್ಕರ್ ತಿರುವಾಂಕೂರಿನಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ಆರಂಭಿಸಿದ ಸಂಘ ಬೆಳೆದು, ಇಂದು ಆ ರಾಜ್ಯದಲ್ಲಿ ಗ್ರಂಥಾಲಯ ಪರಿಷತ್ತಿಗೆ ಸೇರಿದ ಗ್ರಂಥಾಲಯಗಳೇ ಎಂಟು ಸಾವಿರಕ್ಕೂ ಮಿಕ್ಕಿವೆ. ಊರವರೇ ಚಂದಾ ಎತ್ತಿ, ಕಲ್ಲು ಹೊತ್ತು ಕಟ್ಟಿದವು ಎಷ್ಟೋ. ಹೆಂಗಸರ ಮನೆಬಾಗಿಲಿಗೆ ಪುಸ್ತಕ ಒಯ್ಯಲು ಹೆಂಗಸರನ್ನೇ ನೇಮಿಸುವ ಯೋಜನೆಯೂ ಅಲ್ಲಿದೆ. ಅಲ್ಲೇನೂ ಸ್ವರ್ಗವಿಲ್ಲ, ಅಲ್ಲಿಯೂ ಸಂಜೆಯ ವಾಚನಾಲಯ ಗಂಡಸರದ್ದೇ ಎಂದು ಅಲ್ಲಿನ ಹೆಂಗಸರೇ ಗೊಣಗುತ್ತಾರೆ. ಆದರೂ ಗ್ರಂಥಾಲಯ ಊರಿನ ಮನೆ ಎಂಬ ಅಭಿಮಾನ ಅಲ್ಲಿದೆ. ನಮ್ಮಲ್ಲಿ ಅದು ಇಲಾಖೆಯ ಕೋಣೆ. ಇಲಾಖೆಯ ಕೋಣೆಯನ್ನು ಯಾರು ಯಾವ ಮಾಳಿಗೆಗೆ ಏರಿಸಿದರೂ ಕೇಳುವವರಿಲ್ಲ.

ಕೇಳುವವರಿಲ್ಲ ಎಂದೆನಲ್ಲ, ಅದರಲ್ಲಿ ನಾನೂ ಸೇರಿದ್ದೇನೆ. ಇದನ್ನು ಬರೆಯದೆ ಹೋದರೆ ಉಳಿದದ್ದೆಲ್ಲ ಬರಿಯ ಬಾಯಿಮಾತಾಗುತ್ತದೆ. 1990ರ ದಶಕದ ಕೊನೆಯಲ್ಲಿ ಆ ಹಂಚಿನ ಕಟ್ಟಡವನ್ನು ಕೆಡವುವ ಸುದ್ದಿ ಬಂದಾಗ ಒಬ್ಬರು ನಿವೃತ್ತ ಮೇಷ್ಟ್ರು ಅರ್ಜಿ ಹಿಡಿದು ಮನೆಮನೆ ತಿರುಗಿದರು. ನಮ್ಮ ಮನೆಗೂ ಬಂದರು. ಹೊಸ ಸಂಕೀರ್ಣದಲ್ಲಿ ನಮ್ಮವರಿಗೊಂದು ಅಂಗಡಿಕೋಣೆ ಸಿಗಬಹುದೆಂಬ ಆಸೆ ಆಗ ನಮಗಿತ್ತು. “ಮನೆಯವರನ್ನು ಕೇಳಿ ಹೇಳುತ್ತೇನೆ ಮಾಷ್ಟ್ರೇ” ಎಂದು ನಾನು ಚಾ ಕೊಟ್ಟು ಕಳಿಸಿದೆ. ಕೇಳಲೂ ಇಲ್ಲ, ಹೇಳಲೂ ಇಲ್ಲ. ಅಂಗಡಿಕೋಣೆಯೂ ಸಿಗಲಿಲ್ಲ. ಕೆಡವಿದ ದಿನ ನನ್ನ ಅಮ್ಮ, ಆಗ ಎಪ್ಪತ್ತು ದಾಟಿದವಳು, ಎದುರಿನ ಅಂಗಡಿಯ ಮುಂದೆ ನಿಂತು ಹಂಚು ಇಳಿಸುವುದನ್ನು ನೋಡಿ ಬಂದಳು. “ಒಂದೂ ಒಡೆದಿಲ್ಲ, ಎಲ್ಲ ಗಟ್ಟಿಯೇ ಉಂಟು” ಎಂದಷ್ಟೇ ಹೇಳಿದಳು. ಆಮೇಲೆ ಅವಳು ಹೊಸ ವಾಚನಾಲಯಕ್ಕೆ ಹೋಗಲಿಲ್ಲ. ಮೊಣಕಾಲು ಬಿಡಲಿಲ್ಲ. ಹೆಂಗಸರು ಬರುವುದಿಲ್ಲ ಎಂಬ ಲೆಕ್ಕದಲ್ಲಿ ಮೊದಲು ಸೇರಿದವಳು ನನ್ನ ಅಮ್ಮನೇ ಇರಬೇಕು.

ಹಾಗಾಗಿ ಓದುವ ಅಕ್ಕತಂಗಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪೇಟೆಯ ವಾಚನಾಲಯಕ್ಕೆ ಒಮ್ಮೆ ಹೋಗಿ, ಒಬ್ಬರೇ ಹೋಗಬೇಡಿ, ಮೂರು ನಾಲ್ಕು ಮಂದಿ ಸೇರಿ ಹೋಗಿ. ಎಷ್ಟು ಮೆಟ್ಟಿಲು, ಎಷ್ಟು ಕುರ್ಚಿ, ಪಾಯಿಖಾನೆಯ ಬೀಗದ ಕೈ ಯಾರ ಬಳಿ ಎಂದು ಬರೆದುಕೊಳ್ಳಿ. ಹೊಸ ಕಟ್ಟಡದ ಮಾತು ಬಂದರೆ ನಕ್ಷೆ ತೋರಿಸಿ ಎನ್ನಿ. ನಕ್ಷೆಯಲ್ಲಿ ಗ್ರಂಥಾಲಯ ಯಾವ ಮಾಳಿಗೆಯಲ್ಲಿದೆ ಎಂದು ಮೊದಲು ನೋಡಿ. ಹಂಚಿನ ಹಳೆಯ ವಾಚನಾಲಯ ಎಲ್ಲಿಯಾದರೂ ಉಳಿದಿದ್ದರೆ, ಅರ್ಜಿ ಹಿಡಿದು ಬರುವ ಮೇಷ್ಟ್ರು ಬರುವವರೆಗೆ ಕಾಯಬೇಡಿ. ಬಂದರಂತೂ ಬರಿಯ ಚಾ ಕೊಟ್ಟು ಕಳಿಸಬೇಡಿ.

ಮೊನ್ನೆ ನಾವು ನಾಲ್ವರು ಹೋಗಿದ್ದೆವು. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ತಿರುವಿನಲ್ಲಿ ನಿಂತು ಸುಧಾರಿಸಿಕೊಂಡು ಹತ್ತಿದೆವು. ಹುಡುಗ ನಮ್ಮನ್ನು ಕಂಡವನೇ ಎದ್ದು ನಿಂತ. ಪತ್ರಿಕೆಯ ಕಟ್ಟುಗಳನ್ನು ಸರಿಸಿದ. ಎಲ್ಲಿಂದಲೋ ಎರಡು ಕುರ್ಚಿ ತಂದು ಒರೆಸಿ ಹಾಕಿದ. ಇನ್ನೆರಡು ಬೇಕು, ಬೀಗದ ಕೈ ಒಳಗೇ ಇರಬೇಕು, ಲಿಫ್ಟ್ ರಿಪೇರಿಯಾಗಬೇಕು ಎಂದು ಬರೆದು, ನಾಲ್ವರೂ ರುಜು ಹಾಕಿ ಕೊಟ್ಟೆವು. ರಶೀದಿ ಕೇಳಿದಾಗ ಅವನು ನಕ್ಕ, ಆದರೆ ಕೊಟ್ಟ. ಜಗಲಿಯ ಬಗ್ಗೆ ಅರ್ಜಿಯಲ್ಲಿ ಬರೆಯಲು ಜಾಗ ಸಾಲಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ.